ಚಿಗವ್ವನ ಕೊರಳ ಟಾಕ

ಸತ್ತವರನ್ನು ಮನೆಯಿಂದ ಪೂರ್ತಿ ಕಳಿಸಿಬಿಡುವ ರೂಢಿ ಆಗಿನ್ನೂ ನಮ್ಮ ಕಡೆ ಬಂದಿರಲಿಲ್ಲ. ಎಂಬತ್ತರ ದಶಕದ ನಡುವಿನ ಮಾತು ಇದು. ಬೇಡಕಿಹಾಳದ ನಮ್ಮ ಮನೆಯ ದೇವರ ಜಗಲಿಯ ಮೇಲೆ ಎಲ್ಲಮ್ಮ, ಜ್ಯೋತಿಬಾರ ಪಕ್ಕದಲ್ಲೇ ನಮ್ಮ ಮುತ್ತಜ್ಜ, ಅವನ ತಮ್ಮ, ಹೆಸರು ಯಾರಿಗೂ ನೆನಪಿಲ್ಲದ ಒಬ್ಬ ಅಜ್ಜಿ, ಎಲ್ಲರೂ ಬೆಳ್ಳಿ ತಗಡಿನ ಮೇಲೆ ಉಬ್ಬು ಗೊಂಬೆಗಳಾಗಿ ಸಾಲಾಗಿ ನಿಂತಿದ್ದರು. ಅವಕ್ಕೆ ಟಾಕ ಎನ್ನುತ್ತಿದ್ದೆವು. ಹಬ್ಬ ಬಂತೆಂದರೆ ಆಯಿ, ಅಂದರೆ ಅಪ್ಪನ ತಾಯಿ, ಅವರನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ಸೆರಗಿನಿಂದ ಒರೆಸಿ, ಹೋಳಿಗೆಯ ಎಡೆ ಹಿಡಿಯುತ್ತಿದ್ದಳು. ಆಮೇಲೆ ನಮ್ಮ ಪಾಳಿ. ಸತ್ತವರು ಮೊದಲು ಉಣ್ಣಬೇಕು, ಇದ್ದವರು ಹಿಂದಿನಿಂದ. ಹೊಟ್ಟೆ ಹಸಿದ ಮಕ್ಕಳೂ ಅದಕ್ಕೆ ತಕರಾರು ತೆಗೆಯುತ್ತಿರಲಿಲ್ಲ.

ಟಾಕಕ್ಕೆ ಇನ್ನೊಂದು ಕೆಲಸವೂ ಇತ್ತು. ಹೆಂಡತಿ ಸತ್ತವನು ಮತ್ತೆ ಮದುವೆಯಾದರೆ, ಬರುವ ಹೊಸಬಳು ಸತ್ತವಳ ಟಾಕವನ್ನು ಕರಿದಾರದಲ್ಲಿ ಪೋಣಿಸಿ ಕೊರಳಿಗೆ ಕಟ್ಟಿಕೊಳ್ಳಬೇಕು. ತಾಳಿಯ ಜೊತೆ ಅದೂ ಇರಬೇಕು, ಸಾಯುವ ತನಕ. ಸವತಿಯನ್ನು ಎದೆಯ ಮೇಲೆ ಹೊತ್ತರೆ ಅವಳು ಕಾಡುವುದಿಲ್ಲ ಎಂಬ ನಂಬಿಕೆ. ಈಗಿನವರಿಗೆ ಹೇಳಿದರೆ ಇದೆಂಥ ಕಟುಕತನ ಅನ್ನುತ್ತಾರೆ. ಅನ್ನಲಿ. ನಾನೂ ಎಷ್ಟೋ ಸಲ ಅಂದಿದ್ದೇನೆ.

ನಮ್ಮವ್ವ ಸತ್ತಾಗ ನಾನು ಸಾಲೆಯಲ್ಲಿ ಮೂರನೇ ಇಯತ್ತೆ. ಜ್ವರ ಬಂತು, ಚಕ್ಕಡಿ ಹೂಡಿಕೊಂಡು ನಿಪ್ಪಾಣಿಗೆ ಒಯ್ದರು, ಅದೇ ಚಕ್ಕಡಿಯಲ್ಲಿ ವಾಪಸು ತಂದರು. ನನಗೆ ಗೊತ್ತಿದ್ದದ್ದು ಅಷ್ಟೇ. ಮರುವರ್ಷ ಕಬ್ಬು ಕಡಿಯುವ ಹೊತ್ತಿಗೆ ಅಕ್ಕೋಳದ ಹುಡುಗಿಯೊಬ್ಬಳನ್ನು ಅಪ್ಪನಿಗೆ ಗೊತ್ತು ಮಾಡಿದರು. ಹೊಲ, ದನಕರು, ಕೈಲಾಗದ ಆಯಿ, ತಾಯಿಲ್ಲದ ನಾನು, ಮನೆ ನಡೆಯಬೇಕಲ್ಲ. ಆಗ ಊರ ಹೊರಗಿನ ಗಾಣಗಳಲ್ಲಿ ಬೆಲ್ಲ ಕುದಿಯುವ ವಾಸನೆ ಓಣಿ ಓಣಿಗೆ ನುಗ್ಗುತ್ತಿತ್ತು. ಗೆಳತಿಯರು ಕಬ್ಬಿನ ತುಂಡಿಗೆ ಬಿಸಿ ಬೆಲ್ಲ ಸುತ್ತಿಕೊಂಡು ನೆಕ್ಕುತ್ತ ಬಂದು, “ನಿಮ್ಮಪ್ಪಂದು ಲಗ್ನ ಅಂತಲ್ಲ ಬೇ?” ಎನ್ನುತ್ತಿದ್ದರು. ನಾನು ಗಜಗದ ಕಾಯಿ ಮೇಲೆ ಹಾರಿಸಿ ಹಿಡಿಯುವುದನ್ನು ನಿಲ್ಲಿಸದೆ, “ಹೂಂ, ಐತಿ” ಎನ್ನುತ್ತಿದ್ದೆ. ಒಳಗೊಳಗೇ ಕುದಿಯುತ್ತಿದ್ದೆ.

ಟಾಕ ಮಾಡುವವನು ನಮ್ಮ ಓಣಿಯ ತುದಿಯ ಕಾಳಪ್ಪ ಪತ್ತಾರ. ತಲೆ ಆಗಲೇ ಪೂರ್ತಿ ಬೆಳ್ಳಗಾಗಿತ್ತು, ಮಕ್ಕಳೆಲ್ಲ ಕಾಳಪ್ಪಜ್ಜ ಅನ್ನುತ್ತಿದ್ದೆವು. ಆಯಿ ನನ್ನನ್ನು ಕರೆದುಕೊಂಡು ಹೋಗಿ ಅವ್ವನ ಕಾಲಚೈನು ಅವನ ಮುಂದಿಟ್ಟಳು. “ಅಂಗಡಿ ಬೆಳ್ಳಿ ಬ್ಯಾಡ ಕಾಳಪ್ಪಾ, ಆಕೀ ಮೈಮ್ಯಾಗಿಂದ ಇರಲಿ” ಅಂದಳು. ಅವ್ವ ನಡೆದರೆ ಸದ್ದು ಮಾಡುತ್ತಿದ್ದ ಚೈನು ಮೂಸೆಯಲ್ಲಿ ಕರಗಿ ಒಂದು ಹನಿಯಾಯಿತು. ಅವನು ಅದನ್ನು ಬಡಿದು ತಗಡು ಮಾಡಿ, ಕಂಚಿನ ಅಚ್ಚಿನ ಮೇಲಿಟ್ಟು, ಮೇಲೊಂದು ಸೀಸದ ತುಂಡು ಇಟ್ಟು ಸುತ್ತಿಗೆಯಿಂದ ಹೊಡೆದ. ತಗಡು ಎತ್ತಿದರೆ ಅದರಲ್ಲೊಬ್ಬ ಹೆಂಗಸು. ಗುಂಡು ಕಣ್ಣು, ಗೆರೆಯಂಥ ಮೂಗು, ಹಣೆಗೊಂದು ಬೊಟ್ಟು. ನಮ್ಮೂರಲ್ಲಿ ಸತ್ತ ಮುತ್ತೈದೆಯರೆಲ್ಲ ಆ ಒಂದೇ ಅಚ್ಚಿನಿಂದ ಎದ್ದು ಬಂದವರು.

“ಇದು ನಮ್ಮವ್ವ ಅಲ್ಲ” ಅಂದೆ.

“ಟಾಕಂದ್ರ ಹಿಂಗ ಇರತೈತಿ ಬೇ. ಫೋಟೋ ಏನದು?” ಅಂದಳು ಆಯಿ.

ಅವ್ವನ ಫೋಟೋ ಮನೆಯಲ್ಲಿ ಒಂದೂ ಇರಲಿಲ್ಲ. ಮದುವೆಯಲ್ಲಿ ತೆಗೆಸಬೇಕೆಂದಿದ್ದರಂತೆ, ಫೋಟೋದವನು ಬರಲಿಲ್ಲವಂತೆ. ಹಾಗಾಗಿ ಅವ್ವ ಅಂತ ಇನ್ನು ಮೇಲೆ ಉಳಿಯುವುದು ಈ ತಗಡು ಮಾತ್ರ. ಈ ಗುಂಡುಗಣ್ಣಿನವಳು ನಮ್ಮ ಮನೆಗೆ ಬಂದು ಕೂತರೆ ನಮ್ಮವ್ವ ಎಲ್ಲಿಗೆ ಹೋಗಬೇಕು ಎಂದು ನನಗೆ ಹೆದರಿಕೆ ಹತ್ತಿತು. ಮನೆಗೆ ಬಂದು ಊಟ ಬಿಟ್ಟೆ. ಆಯಿ ಬೈದಳು, ರಮಿಸಿದಳು, ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಬಾಯಿಗೆ ಹಿಡಿದಳು. ನಾನು ಬಾಯಿ ಬಿಡಲಿಲ್ಲ. ಹಟದಲ್ಲಿ ನಾನು ಯಾರಿಗೂ ಸೋತವಳಲ್ಲ, ಈಗಲೂ ಅಲ್ಲ.

ಸುದ್ದಿ ಕಾಳಪ್ಪಜ್ಜನಿಗೆ ಮುಟ್ಟಿತು. ಮರುದಿನ ಮುಂಜಾನೆ ಅವನೇ ಬಾಗಿಲಿಗೆ ಬಂದ.

“ಕೂಸು ಅನ್ನಾ ನೀರು ಬಿಟ್ಟೈತಂತಲ್ರಿ ವೈನಿ. ಆ ಟಾಕ ಇತ್ಲಾಗ ಕೊಡ್ರಿ, ಮತ್ತ ಮಾಡತೀನಿ.”

“ಲಗ್ನ ತಲಿಮ್ಯಾಗ ಬಂದೈತಿ ಕಾಳಪ್ಪಾ. ಹುಡುಗರ ಮಾತು ಏನ ಕೇಳತಿ? ಇದ್ದದ್ದ ಸಾಕು.”

“ಸಾಕಾಗಂಗಿಲ್ರಿ. ಅಚ್ಚಿನ್ಯಾಗ ಒತ್ತಿ ಒತ್ತಿ ನನಗೂ ಬ್ಯಾಸರ ಆಗೈತಿ. ಇದೊಂದು ಕೈಲೇ ಎಬ್ಬಸತೀನಿ.”

ಆಯಿ ಟಾಕ ಕೊಟ್ಟಳು. ನನ್ನ ಕಡೆ ನೋಡಿ, “ಇನ್ನರ ಉಣ್ಣು ಮಾರಾಯ್ತಿ” ಅಂದಳು. ಉಂಡೆ.

ಸಾಲೆ ಬಿಟ್ಟೊಡನೆ ಅವನ ಅಂಗಡಿಗೆ ಓಡಿದೆ. ಅವನು ಮಣ್ಣಿನ ಬಟ್ಟಲಲ್ಲಿ ರಾಳ, ಇಟ್ಟಂಗಿಪುಡಿ, ಎಣ್ಣೆ ಕಲಸಿ ಕಾಸಿದ ಕಪ್ಪು ಮುದ್ದೆಯ ಮೇಲೆ, ಆ ಟಾಕವನ್ನೇ ಕರಗಿಸಿ ಬಡಿದ ಹೊಸ ತಗಡನ್ನು ಕೂಡಿಸಿ ಕಾಯುತ್ತಿದ್ದ.

“ಹೇಳು ತಂಗಿ. ನಿಮ್ಮವ್ವನ ಮೂಗು ಹೆಂಗಿತ್ತು?”

ಹೇಳಲು ಬಾಯಿ ತೆರೆದೆ. ಏನೂ ಬರಲಿಲ್ಲ. ಅವ್ವನ ಕೈ ನೆನಪಿತ್ತು, ಜೋಳದ ಹಿಟ್ಟು ಮತ್ತು ತಂಬಾಕಿನ ಎಲೆಯ ವಾಸನೆ ಕೂಡಿದ ಕೈ. ಒಲೆಯ ಮುಂದೆ ಬಾಗಿದ ಬೆನ್ನು ನೆನಪಿತ್ತು. ರೊಟ್ಟಿ ಬಡಿಯುವಾಗಿನ ಬಳೆಯ ಸದ್ದೂ ಇತ್ತು. ಮುಖ ಇರಲಿಲ್ಲ. ಕಣ್ಣು ಮುಚ್ಚಿ ಹುಡುಕಿದೆ, ಆ ಅಚ್ಚಿನ ಗೊಂಬೆಯೇ ಎದುರು ಬಂತು. ಅವ್ವನನ್ನು ನಾನೇ ಕಳೆದುಬಿಟ್ಟೆ ಅನಿಸಿ ಬಿಕ್ಕಿ ಬಿಕ್ಕಿ ಅತ್ತೆ. ಆ ದುಃಖ ಅವಳು ಸತ್ತ ದಿನದ್ದಕ್ಕಿಂತ ದೊಡ್ಡದಿತ್ತು.

ಕಾಳಪ್ಪಜ್ಜ ಸಮಾಧಾನ ಮಾಡಲು ಬರಲಿಲ್ಲ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. “ಅಳಬ್ಯಾಡ. ಇಲ್ಲೆ ಬಾಗಲದಾಗ ಬೆಳಕಿಗೆ ಕುಂದ್ರು. ನಿನ್ನ ಗಜಗ ಆಡಕೋತ ಇರು. ನೆನಪಾದ್ರ ಹೇಳು, ಇಲ್ಲಂದ್ರ ಬಿಡು” ಅಂದ.

ಅಂದಿನಿಂದ ಸಾಲೆ ಬಿಟ್ಟ ಮೇಲೆ ಅವನ ಹೊಸ್ತಿಲೇ ನನ್ನ ಆಟದ ಜಾಗ. ನಾನು ಗಜಗ ಹಾರಿಸುತ್ತಿದ್ದೆ, ಅವನು ತಗಡನ್ನು ಬೋರಲು ಹಾಕಿ ಬೆನ್ನ ಕಡೆಯಿಂದ ಸಣ್ಣ ಸಣ್ಣ ಉಳಿಗಳಿಂದ ತಟ್ಟುತ್ತಿದ್ದ. ಹಿಂದಿನಿಂದ ತಗ್ಗು ಮಾಡಿದ್ದೇ ಮುಂದೆ ಉಬ್ಬಾಗಿ ಏಳುತ್ತದೆ ಎನ್ನುವುದು ನನಗೆ ಮಾಟದಂತೆ ಕಾಣುತ್ತಿತ್ತು. ಬಡಿದಷ್ಟೂ ಬೆಳ್ಳಿ ಬಿರುಸಾಗುತ್ತದೆ. ಆಗ ಅದನ್ನು ರಾಳದಿಂದ ಬಿಡಿಸಿ, ಊದುಗೊಳವೆಯಿಂದ ಉರಿ ಊದಿ ಕೆಂಪಗೆ ಕಾಸಿ, ಮೆತ್ತಗೆ ಮಾಡಿ, ಮತ್ತೆ ಕೂಡಿಸಬೇಕು. ಒಂದು ತಗಡು ಮೂಗಿನ ತುದಿಯಲ್ಲಿ ಪಟ್ಟನೆ ಹರಿಯಿತು. ಅವನು ಮುಖ ಗಂಟು ಹಾಕಲಿಲ್ಲ. ಕರಗಿಸಿ ಮೊದಲಿನಿಂದ ಶುರು ಮಾಡಿದ.

“ಯಾಕ ಹರೀತಜ್ಜಾ?”

“ಆಸೆ ಜಾಸ್ತಿ ಆತು ನಂದು. ಮೂಗು ತಟಗು ಏಳಬೇಕಂದ್ರ ಅಲ್ಲಿಗಿ ಬೆಳ್ಳಿ ಎಲ್ಲಿಂದ ಬರಬೇಕು ಹೇಳು? ಆಜೂಬಾಜೂದಿಂದ ಸಾವಕಾಶ ಕರಕೊಂಡು ಬರಬೇಕು. ಎಳದ್ರ ಹರೀತೈತಿ.”

ಹರೆಯದಲ್ಲಿ ಅವನಿಗೆ ಮುಖ ಎಬ್ಬಿಸುವ ಹುಚ್ಚಿತ್ತಂತೆ. ಊರವರಿಗೆ ಬೇಕಾದದ್ದು ಅಚ್ಚಿನ ಟಾಕ, ಲಗುಬಗೆ ಆಗುವಂಥದ್ದು. ಆ ಹುಚ್ಚನ್ನು ಅವನು ಉಳಿಯ ಡಬ್ಬಿಯಲ್ಲಿಟ್ಟು ಮುಚ್ಚಿದ್ದ. ಈಗ ಕೈ ನಡುಗುವ ವಯಸ್ಸಿಗೆ ಮತ್ತೆ ತೆಗೆದಿದ್ದ. ಆಗಾಗ ತಲೆಯೆತ್ತಿ ನನ್ನ ಕಡೆ ನೋಡುತ್ತಿದ್ದ, ಮತ್ತೆ ಬಾಗುತ್ತಿದ್ದ. ಏನಾದರೂ ನೆನಪಾಯಿತೇ ಎಂದು ಕೇಳುತ್ತಿದ್ದಾನೆ ಅಂದುಕೊಂಡು ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ.

ಕೊನೆಗೆ ಅವನು ಎಣ್ಣೆ ಒರೆಸಿ ಟಾಕವನ್ನು ನನ್ನ ಅಂಗೈಯಲ್ಲಿಟ್ಟ. ನನ್ನ ಎರಡು ಹೆಬ್ಬೆರಳಿನಷ್ಟು ಅಗಲವಿಲ್ಲ, ಅದರಲ್ಲೊಂದು ಪೂರ್ತಿ ಮುಖ. ಅಗಲ ಹಣೆ, ಚೂಪು ಗದ್ದ, ತುಂಬಿದ ಗಲ್ಲ. ಬಿಸಿಲಿಗೆ ಹಿಡಿದು ತುಸು ವಾಲಿಸಿದರೆ ಗಲ್ಲದ ನೆರಳು ಸರಿದು ಆ ಮುಖ ನಗಲು ಹೊರಟಂತೆ ಕಾಣುತ್ತಿತ್ತು.

“ಹೌದಲ್ಲ?” ಎಂದು ಕೇಳಿದ. ಅವನ ದನಿಯಲ್ಲಿ ಧೈರ್ಯವಿರಲಿಲ್ಲ.

“ಹೌದು. ನಮ್ಮವ್ವ” ಅಂದೆ. ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಎಲ್ಲೋ ನೋಡಿದ ಮುಖ, ನನ್ನದೇ ಹೋಲಿಕೆಯ ಮುಖ, ಅವ್ವನಲ್ಲದೆ ಮತ್ಯಾರು?

ಆಯಿ ಅದನ್ನು ಬಹಳ ಹೊತ್ತು ಹಿಡಿದುಕೊಂಡು ಕೂತಳು. ಒಮ್ಮೆ ಕಾಳಪ್ಪಜ್ಜನ ಮುಖ ನೋಡಿದಳು, ಕಣ್ಣೊರೆಸಿಕೊಂಡಳು. ಅಪ್ಪ “ಚಲೋ ಆಗೈತಿ” ಎಂದು ಎದ್ದು ಹಿತ್ತಲಿಗೆ ಹೋದ.

ಲಗ್ನವಾಗಿ, ಆ ಟಾಕ ಕೊರಳಿಗೆ ಕಟ್ಟಿಕೊಂಡು ಚಿಗವ್ವ, ಅಂದರೆ ನನ್ನ ಮಲತಾಯಿ, ಮನೆಗೆ ಬಂದಳು. ಹೆಸರು ತಾರವ್ವ, ಇಪ್ಪತ್ತೂ ತುಂಬಿತ್ತೋ ಇಲ್ಲವೋ. ಅವಳ ತವರಿನ ಹೆಂಗಸರು ಏನೇನು ಹೇಳಿ ಹೆದರಿಸಿ ಕಳಿಸಿದ್ದರೋ, ಬಾಗಿದಾಗಲೆಲ್ಲ ಆ ಟಾಕವನ್ನು ಎರಡು ಬೆರಳಿನಿಂದ ಎದೆಗೆ ತಾಗದಂತೆ ಎತ್ತಿ ಹಿಡಿಯುತ್ತಿದ್ದಳು. ಮುಂಜಾನೆ ಒಲೆಯ ಮುಂದೆ ಕೂತು, “ಒಲಿ ಹಚ್ಚತೀನಿ ಅಕ್ಕಾ” ಎಂದು ಅದಕ್ಕೆ ಹೇಳಿಯೇ ಕಡ್ಡಿ ಗೀರುತ್ತಿದ್ದಳು. ಹಾಲು ಹಿಂಡುವ ಮುಂಚೆಯೂ ಹಾಗೆಯೇ ಅಪ್ಪಣೆ ಕೇಳುವುದು. ಸತ್ತವಳ ಮನೆಯಲ್ಲಿ ಕಳ್ಳಿಯ ಹಾಗೆ ಓಡಾಡುತ್ತಿದ್ದಳು. ನಾನು ಅವಳೊಡನೆ ಮಾತಾಡುತ್ತಿರಲಿಲ್ಲ. ಅವಳು ಬಡಿದ ರೊಟ್ಟಿಯನ್ನು ಆಯಿ ಹಾಕಿಕೊಟ್ಟರೆ ಮಾತ್ರ ಉಣ್ಣುತ್ತಿದ್ದೆ.

ಒಂದು ಭಾನುವಾರ ಆಯಿಯ ಕೈ ಸೆಳೆತವೆಂದು ನನ್ನ ತಲೆಗೆ ಎಣ್ಣೆ ಹಚ್ಚುವ ಕೆಲಸ ಚಿಗವ್ವನಿಗೆ ಬಂತು. ನಾನು ಮುಖ ತಿರುಗಿಸಿ ಕೂತೆ. ಅವಳು ಎಣ್ಣೆಗೈಯಿಂದ ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿದಳು. ಹಾಗೇ ನಿಂತುಬಿಟ್ಟಳು. ನನ್ನನ್ನು ನೋಡಿದಳು, ಕೊರಳಿನ ಟಾಕ ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಎತ್ತಿ ಹಿಡಿದಿದ್ದ ಬೆರಳು ಸಡಿಲಾಗಿ ಟಾಕ ಅವಳ ಎದೆಗೆ ಬಿತ್ತು. ಆಮೇಲೆ ಅವಳು ಅದನ್ನು ಎಂದೂ ಎತ್ತಿ ಹಿಡಿಯಲಿಲ್ಲ.

“ಒಂದೀಟು ನೋಡ್ಲಿ?” ಎಂದು ಕೇಳಿದೆ. ಅವಳಿಗೆ ನಾನು ಆಡಿದ ಮೊದಲ ಮಾತು ಅದು.

“ನೋಡವ್ವಾ.”

ದಾರ ಗಿಡ್ಡವಿತ್ತು. ನೋಡಬೇಕೆಂದರೆ ಅವಳ ಎದೆಯ ಹತ್ತಿರ ಮುಖ ಒಯ್ಯಬೇಕು. ಒಯ್ದೆ. ತುಟಿ ಹತ್ತಿಸಿ “ಅವ್ವಾ” ಅಂದೆ.

ಅಲ್ಲಿಂದ ಅದು ದಿನದ ಪಾಠವಾಯಿತು. ಸಾಲೆಯಿಂದ ಬಂದು ಪಾಟಿಚೀಲ ಎಸೆದು, ಅಡಿಗೆಮನೆಗೆ ಹೋಗಿ, ಚಿಗವ್ವನ ತೊಡೆಯ ಮೇಲೆ ಏರಿ ಟಾಕಕ್ಕೆ ಸುದ್ದಿ ಹೇಳುವುದು. ಪೆನ್ಸಿಲ್ ಕಳೆದದ್ದು, ಮಾಸ್ತರರು ಕಿವಿ ಹಿಂಡಿದ್ದು, ಫುಗಡಿ ಆಡುವಾಗ ಬಿದ್ದು ಮೊಣಕಾಲು ಕೆತ್ತಿದ್ದು, ಎಲ್ಲ. ಅವಳು ಹಿಟ್ಟಿನ ಕೈ ನನಗೆ ತಾಗದಂತೆ ಎರಡೂ ಬದಿಗೆ ಚಾಚಿಕೊಂಡು ಸುಮ್ಮನೆ ಕೂತಿರುತ್ತಿದ್ದಳು. “ರೊಟ್ಟಿ ಹೊತ್ತಾಕತ್ತೈತಿ ನೋಡ್ರಿ” ಎಂದು ಆಯಿ ಪಡಸಾಲೆಯಿಂದ ಕೂಗಿದರೂ ಕದಲುತ್ತಿರಲಿಲ್ಲ. ನಾನು ನಿಲ್ಲಿಸಿದ ಮೇಲೆ ಮೆಲ್ಲಗೆ, “ಮುಗೀತ? ಇನ್ನೂ ಏನರ ಹೇಳೂದೈತಿ?” ಅನ್ನುತ್ತಿದ್ದಳು. ಇರುತ್ತಿತ್ತು. ಟಾಕಕ್ಕೆ ಹೇಳುವುದು ನಿಂತು ಅವಳಿಗೇ ಹೇಳತೊಡಗಿದ್ದು ಯಾವಾಗಿನಿಂದ ಎನ್ನುವುದು ನನಗೆ ನೆನಪಿಲ್ಲ. ಅವಳಿಗೂ ಇರಲಿಕ್ಕಿಲ್ಲ.

ಎಷ್ಟೋ ವರ್ಷ ಸರಿದವು. ಆಯಿ ಹೋದಳು, ನಾನು ಕಾಗವಾಡದ ಕಡೆ ಲಗ್ನವಾಗಿ ಬಂದೆ, ಅಪ್ಪನೂ ಹೋದ. ಚಿಗವ್ವನಿಗೆ ಹೊಟ್ಟೆಯ ಬೇನೆ ಹತ್ತಿತೆಂದು ಮಿರಜಿಗೆ ಕರೆದೊಯ್ದೆ. ಎಕ್ಸರೇ ತೆಗೆಯುವವನು ಕೊರಳಲ್ಲಿದ್ದದ್ದನ್ನೆಲ್ಲ ಬಿಚ್ಚಿರಿ ಅಂದ. ಅವಳು ಟಾಕ ಬಿಚ್ಚಿ ನನ್ನ ಅಂಗೈಗೆ ಹಾಕಿದಳು. ಅಷ್ಟು ವರ್ಷಗಳ ಬೆವರು, ಸೀರೆಯ ತಿಕ್ಕಾಟ, ಹಬ್ಬದ ಹುಣಸೆಹಣ್ಣು ಎಲ್ಲ ಕೂಡಿ ಅದು ನುಣ್ಣಗೆ ಸವೆದಿತ್ತು. ಮೂಗು ಇಲ್ಲ, ಕಣ್ಣು ಇಲ್ಲ, ಗಲ್ಲ ಇದ್ದಲ್ಲಿ ಒಂದಿಷ್ಟು ಏರು ಉಳಿದಿತ್ತು. ನನಗೆ ತಡೆಯಲಾಗಲಿಲ್ಲ.

“ಅವ್ವನ ಮಾರಿ ಸವದು ಹೋತಲ್ಲ ಚಿಗವ್ವಾ” ಅಂದೆ.

ಅವಳು ಬಾಕಿನ ಮೇಲೆ ಕೂತು ನನ್ನನ್ನು ನೋಡಿದಳು. “ಅದರಾಗ ನಿಮ್ಮವ್ವ ಎಲ್ಲಿದ್ದಳು ಬೇ? ಅದು ನಿನ್ನ ಮಾರಿ. ನಿನ್ನ ಬಾಗಲದಾಗ ಕುಂದರ್ಸಿಕೊಂಡು ನಿನ್ನ ನೋಡಿ ಬಡದಾನ ಅವಾ ಮುದುಕ.”

ನಾನು ಟಾಕವನ್ನು ಬೆಳಕಿಗೆ ಹಿಡಿದು ವಾಲಿಸಿ ನೋಡಿದೆ.

“ಅವತ್ತು ಎಣ್ಣಿ ಹಚ್ಚಾಗ ಗೊತ್ತಾತು ನನಗ. ಸತ್ತಾಕೀನ್ನ ಕಟಿಗೊಂಡು ತಿರಗಾಕತ್ತೀನಿ ಅಂತ ಜೀವ ಹಿಡಕೊಂಡಿದ್ನಿ. ನೋಡಿದ್ರ ಒಂದು ಕೂಸು. ಹೆದರಿಕಿ ಅಲ್ಲೇ ಹೋತು.”

“ಇಷ್ಟು ವರ್ಷ ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ನನ್ನ ಹತ್ತರ ಬರತಿದ್ದಿ ಏನ?” ಅಂದಳು.

ಆ ಬೇಸಿಗೆಯನ್ನು ಅವಳು ದಾಟಲಿಲ್ಲ. ಟಾಕ ಬಿಚ್ಚಬೇಡಿ ಎಂದು ಮೊದಲೇ ಹೇಳಿಟ್ಟಿದ್ದಳು, ಹಾಗೆಯೇ ಕಳಿಸಿದೆವು. ಕಾಳಪ್ಪಜ್ಜ ಅದಕ್ಕೂ ಬಹಳ ಮೊದಲೇ ಹೋಗಿದ್ದ. ಈಗ ನಿಪ್ಪಾಣಿಯ ಅಂಗಡಿಗಳಲ್ಲಿ ಸಿಗುವ ಟಾಕ ಯಂತ್ರದಲ್ಲಿ ಒತ್ತಿದ್ದು, ಊದಿದರೆ ಹಾರುವಷ್ಟು ತೆಳ್ಳಗೆ. ಹೊಸದಾಗಿ ಬಂದವಳ ಕೊರಳಿಗೆ ಸವತಿಯನ್ನು ಕಟ್ಟುವುದನ್ನಂತೂ ನಮ್ಮ ಕಡೆ ಎಲ್ಲರೂ ಬಿಟ್ಟಿದ್ದಾರೆ. ಬಿಟ್ಟದ್ದು ಒಳ್ಳೆಯದೇ, ಆ ಭಾರ ಯಾರಿಗೂ ಬೇಡ. ಆದರೂ ಓಣಿಯಲ್ಲಿ ತಾಯಿ ಹೋದ ಮಗುವೊಂದು ಹೊಸಬಳಿಂದ ದೂರ ಗೋಡೆಗಾತು ನಿಂತದ್ದು ಕಂಡರೆ ನನ್ನ ಕರುಳು ಚುರ್ ಅನ್ನುತ್ತದೆ. ಅವಳ ಎದೆಯ ಹತ್ತಿರ ಹೋಗಲು ಆ ಮಗುವಿಗೆ ಈಗ ಯಾವ ನೆಪವೂ ಇಲ್ಲ.