ಮಸುಕಾಗಿದ್ದ ಹನ್ನೆರಡನೆಯ ಸ್ಲೈಡ್

ಕಡೂರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ಪರದೆಯ ಎಡಬದಿಯಲ್ಲಿ ಸಾಲಾಗಿ ನಿಂತ ಚಿಕ್ಕ ಚಿತ್ರಗಳಲ್ಲಿ ಹನ್ನೆರಡನೆಯದು ಮಾತ್ರ ಮಸುಕಾಗಿತ್ತು, ಅದರ ಅಂಕಿಯ ಮೇಲೆ ಅಡ್ಡಗೆರೆ. ಅಂದರೆ ಆ ಸ್ಲೈಡನ್ನು ನಾನೇ ಮರೆಮಾಡಿದ್ದೆ. ಹಿಂದಿನ ವಾರ ಅಜ್ಜಂಪುರದ ಸಭೆಯಲ್ಲಿ ಅದು ಗೋಡೆಯ ಮೇಲೆ ಬಂದೇ ಇರಲಿಲ್ಲ. ಅದರಲ್ಲಿದ್ದದ್ದು ಒಂದೇ ಸಾಲು: ಬೇರಿಗೆ ಔಷಧ ಕಟ್ಟಿದ ತೆಂಗಿನ ಮರದಿಂದ ಒಂದೂವರೆ ತಿಂಗಳು ಕಾಯನ್ನಾಗಲಿ ಎಳನೀರನ್ನಾಗಲಿ ಕೀಳಬೇಡಿ.

ಬೆಳೆಯ ಹುಳು-ರೋಗಗಳ ಬಗ್ಗೆ ರೈತರಿಗೆ ಹೇಳುವುದು ನನ್ನ ಕೆಲಸ. ಕಪ್ಪುತಲೆ ಹುಳು ಬಿದ್ದ ತೆಂಗಿಗೆ ಒಂದು ಬೇರನ್ನು ಕತ್ತರಿಸಿ, ಅದರ ತುದಿಯನ್ನು ಔಷಧದ ಪೊಟ್ಟಣದಲ್ಲಿಳಿಸಿ ಕಟ್ಟುತ್ತಾರೆ. ಮರ ಅದನ್ನು ಹೀರಿಕೊಳ್ಳುತ್ತದೆ. ಹುಳು ಸಾಯುತ್ತದೆ, ಆದರೆ ವಿಷ ಕಾಯಿಗೂ ಹೋಗುತ್ತದೆ. ಈ ಪಾಠವನ್ನು ಮೊದಲು ಕಡೂರಿಗೆಂದು ಮಾಡಿದ್ದೆ. ತರೀಕೆರೆಯಲ್ಲಿ ಸೇರಿದವರೆಲ್ಲ ಅಡಿಕೆಯವರು. ಅದೇ ಕಡತವನ್ನು ನಕಲು ಮಾಡಿ, ತೆಂಗಿನ ಸ್ಲೈಡ್‌ಗಳನ್ನೆಲ್ಲ ಮರೆಮಾಡಿದೆ. ಅಳಿಸಲು ಮನಸ್ಸು ಬರಲಿಲ್ಲ, ಮುಂದೆ ಬೇಕಾಗುತ್ತದಲ್ಲ. ಅಜ್ಜಂಪುರಕ್ಕೆ ಹೊರಟಾಗ ಕಡೂರಿನ ಮೂಲವನ್ನು ಹುಡುಕುವ ತಾಳ್ಮೆಯಿಲ್ಲದೆ ತರೀಕೆರೆಯದನ್ನೇ ಎತ್ತಿಕೊಂಡು, ಮರೆಮಾಡಿದ್ದ ಸ್ಲೈಡ್‌ಗಳನ್ನು ಒಂದೊಂದಾಗಿ ಮತ್ತೆ ಕಾಣುವಂತೆ ಮಾಡಿದೆ. ಒಂದು ಉಳಿದುಹೋಯಿತು. 'ಅಜ್ಜಂಪುರ-ಕೊನೆಯದು-ಸರಿಯಾದದ್ದು' ಎಂದು ಅದಕ್ಕೆ ಹೆಸರಿಟ್ಟಿದ್ದೆ.

ಬಾಯಲ್ಲಾದರೂ ಹೇಳಿದ್ದೆನೇ? ಹೇಳಿದ್ದು ಚೆನ್ನಾಗಿ ನೆನಪಿತ್ತು. ಬೆರಳೆತ್ತಿದ್ದೆ, ಮುಂದಿನ ಸಾಲಿನಲ್ಲಿ ಯಾರೋ ನಕ್ಕಿದ್ದರು. ಆದರೆ ಆ ನೆನಪಿನಲ್ಲಿ ಕಿಟಕಿಯಾಚೆ ರೈಲು ಹೋಗುತ್ತಿತ್ತು. ಅಜ್ಜಂಪುರದ ಆ ಕೋಣೆಯಿಂದ ರೈಲು ಕಾಣುವುದಿಲ್ಲ, ಕಾಣುವುದು ಕಡೂರಿನ ಸಭೆಯ ಕೋಣೆಯಿಂದ. ಕಂಡವರ ಮಾತಿಗೆಲ್ಲ ಸಾಕ್ಷಿ ಕೇಳುವುದನ್ನು ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವನು ನಾನು. ನನ್ನ ತಲೆಯೊಳಗಿನದಕ್ಕೆ ಎಂದೂ ಕೇಳಿರಲಿಲ್ಲ.

ಸಭೆ ಏರ್ಪಡಿಸಿದ್ದವರಿಗೆ ಫೋನ್ ಮಾಡಿದೆ. "ಎಳನೀರು ಕೀಳಬೇಡಿ ಅಂತ ಅವತ್ತು ಹೇಳಿದ್ನಾ?"

"ಹೇಳಿದ್ರಿ ಅನ್ಸುತ್ತೆ ಸಾರ್. ನೀವು ಬಾಳ ಹೇಳಿದ್ರಿ. ಊಟ ಲೇಟಾಗೋಯ್ತಲ್ಲ."

ಅಜ್ಜಂಪುರದ ಸಭೆಯಲ್ಲಿ ಎಲ್ಲ ಸ್ಲೈಡ್‌ಗಳನ್ನೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡ ಹೆಂಗಸೊಬ್ಬರಿದ್ದರು. ನಾಳೆಯೇ ಔಷಧ ಕಟ್ಟುತ್ತೇನೆ ಎಂದು ಹೋಗುವಾಗ ಹೇಳಿದ್ದರು. ಅವರ ನಂಬರು ಸ್ವಿಚ್ ಆಫ್. ಸಿಕ್ಕಿದ ಬಸ್ಸು ಹತ್ತಿದೆ. ಬೀರೂರಿನಲ್ಲಿ ಅದು ನಿಂತೇ ನಿಂತಿತು. ಇಳಿದು ಹತ್ತಿ, ಹತ್ತಿ ಇಳಿದು, ಕಂಡಕ್ಟರಿನಿಂದ ಬೈಸಿಕೊಂಡೆ. ಅಜ್ಜಂಪುರದಿಂದ ಅವರ ತೋಟಕ್ಕೆ ಆಟೊ. ದಾರಿಯುದ್ದಕ್ಕೂ ಆ ದಿನವನ್ನು ಮೊದಲಿಂದ ನೆನೆದೆ. ಪ್ರತಿ ಸಲವೂ ನಾನು ಬೆರಳೆತ್ತುತ್ತಿದ್ದೆ, ಪ್ರತಿ ಸಲವೂ ಆ ದರಿದ್ರ ರೈಲು ಬರುತ್ತಿತ್ತು.

ಅವರು ನನ್ನನ್ನು ಕಂಡದ್ದೇ ಮಚ್ಚು ತಂದರು. "ಬನ್ನಿ ಸಾರ್! ನೀವು ಹೇಳ್ದಂಗೇ ಬೇರಿಗೆ ಕಟ್ಟಿದೀವಿ, ನೋಡಿ. ಅದೇ ಮರದ್ದು, ನಿನ್ನೆ ಇಳಿಸಿದ್ದು. ಕುಡೀರಿ ಮೊದ್ಲು."

ಕೆತ್ತಿದ ಎಳನೀರು ನನ್ನ ಕೈಗೆ ಬಂದಿತ್ತು. ಬಂದವರಿಗೆ ಎಳನೀರು ಕೊಡದೆ ಕಳಿಸುವ ರೂಢಿ ಈ ಸೀಮೆಯಲ್ಲಿಲ್ಲ ಎಂಬುದು ನನಗೆ ಯಾಕೆ ಮೊದಲೇ ಹೊಳೆಯಲಿಲ್ಲ?

"ಯಾರಾದ್ರೂ ಕುಡಿದ್ರಾ?" ಎಂದು ಕೇಳಿದೆ.

"ಇಲ್ಲ. ನಾಕೇ ಇಳಿಸಿದ್ದು, ಇಲ್ಲೇ ಅವೆ. ಅತ್ತೆಗೇ ಅಂತ ಇಳಿಸಿದ್ದು, ಅವ್ರಿಗೆ ಶೀತ."

ಎಳನೀರನ್ನು ನೆಲಕ್ಕೆ ಸುರಿದೆ. ವಿಷಯ ಹೇಳಿದೆ. ಜಗಲಿಯಲ್ಲಿದ್ದ ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡು, "ಏನಪ್ಪಾ, ಇಷ್ಟ್ ದೊಡ್ ಓದು ಓದಿ ನನ್ ನೆಗಡಿ ಮೇಲೆ ಭಾರ ಹಾಕಿದ್ಯಲ್ಲೋ!" ಎಂದರು.

ಆ ಹೆಂಗಸು ಚಾರ್ಜಿಗೆ ಹಾಕಿದ್ದ ಮೊಬೈಲು ತಂದು ಫೋಟೊಗಳನ್ನು ಸರಿಸಿದರು. ಹತ್ತು, ಹನ್ನೊಂದು, ಹದಿಮೂರು. "ಬಾಯಲ್ಲಿ ಹೇಳಿದ್ನಾ?" ಎಂದು ಕೇಳಿದೆ, ನಾಚಿಕೆ ಬಿಟ್ಟು. "ಹೇಳಿದ್ರೆ ನಾನ್ ಕೀಳಿಸ್ತಿದ್ನಾ ಸಾರ್?" ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ಇವನ್ನೆಲ್ಲ ನಮ್ಮ ಗ್ರೂಪಿಗೂ ಹಾಕ್ಬಿಟ್ಟಿದೀನಿ" ಎಂದರು. ಅದು ಸುತ್ತಲಿನ ತೆಂಗಿನವರ ವಾಟ್ಸಾಪ್ ಗುಂಪು.

ಕ್ಯಾಲೆಂಡರಿನ ಹಿಂದಿನ ತಿಂಗಳ ಹಾಳೆ ಹರಿದು, ಅದರ ಹಿಂಬದಿಯಲ್ಲಿ ಆ ಒಂದು ಸಾಲನ್ನು ದಪ್ಪಕ್ಷರದಲ್ಲಿ ಬರೆದೆ. ಅವರು ಅದರ ಫೋಟೊ ತೆಗೆದು ಗುಂಪಿಗೆ ಕಳಿಸಿದರು. ಒಬ್ಬೊಬ್ಬರೇ ನೋಡಿದ ಗುರುತು ಬರುತ್ತಾ ಹೋಯಿತು. ಅರ್ಧ ಗಂಟೆಯಾದರೂ ಆರು ಜನ ನೋಡಿರಲಿಲ್ಲ. ಅವರಿಗೆ ಫೋನ್ ಮಾಡಿದೆವು, ಇಬ್ಬರು ಎತ್ತಲಿಲ್ಲ.

"ಆ ಇಬ್ಬರ ತೋಟ ಎಲ್ಲಿ ಬರುತ್ತೆ?" ಎಂದು ಕೇಳಿ, ಹೇಳಿದ್ದನ್ನೆಲ್ಲ ಬರೆದುಕೊಂಡೆ. ಬರೆದದ್ದನ್ನು ಅವರಿಗೇ ತಿರುಗಿ ಓದಿ ಹೇಳಿದೆ, ಎರಡು ಸಲ.

"ಈ ಬಿಸ್ಲಲ್ಲಿ ಹಂಗೇ ಹೋಗ್ಬ್ಯಾಡ ಕಣಪ್ಪಾ, ಒಂದ್ ಎಳ್ನೀರು..." ಎಂದ ಅತ್ತೆ ಅಲ್ಲಿಗೇ ಮಾತು ನಿಲ್ಲಿಸಿ, ಸೊಸೆಯ ಕಡೆ ತಿರುಗಿದರು. "ಲೇ, ಒಂದ್ ಚೊಂಬು ನೀರ್ ಕೊಡೇ. ಬೋರಿಂದು."

ನಿಂತೇ ಕುಡಿದು ಮೊದಲ ತೋಟದ ಕಡೆಗೆ ಹೊರಟೆ.