ಮರದ ಮೊಳೆ ಇಳಿದ ದಿನ

ಅಚ್ಚುಕೂಟದ ಅಟ್ಟದ ಮೇಲೆ ಒಂದು ಉದ್ದನೆಯ ಪೆಟ್ಟಿಗೆ, ಅದರೊಳಗೆ ಅಂಗೈಯಗಲದ ಮರದ ಮೊಳೆಗಳು, ಅಂದರೆ ತಲೆಬರಹ ಜೋಡಿಸುವ ದಪ್ಪ ಅಚ್ಚಕ್ಷರಗಳು. ದಿನನಿತ್ಯದ ಸುದ್ದಿಗೆಲ್ಲ ಸೀಸದ ಅಕ್ಷರ ಸಾಕು. ಯುದ್ಧ, ಭೂಕಂಪ, ಷೇರುಪೇಟೆಯ ಕುಸಿತ, ಇಂಥ ಅನಾಹುತಕ್ಕೆ ಮಾತ್ರ ಮರದ ಮೊಳೆ ಕೆಳಗಿಳಿಯುತ್ತಿತ್ತು. ಇಳಿಸುವವನು ಮೊಳೆಯಣ್ಣ. ಹುಟ್ಟಿದಾಗ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು ಅನ್ನಿ. ಇಪ್ಪತ್ತೆಂಟು ವರ್ಷ ಪ್ರಳಯವನ್ನು ತಿರುಗುಮುರುಗಾಗಿ ಓದಿ ಓದಿ ಅವನಿಗೆ ಪ್ರಳಯದ ಭಯವೇ ಹೊರಟುಹೋಗಿತ್ತು.

ಅವನ ಅಪ್ಪ ಸತ್ತದ್ದು ಗಿರಣಿಯಲ್ಲಿ. ಯಂತ್ರದ ಓಡುವ ಪಟ್ಟಿ ಅಂಗಿಯ ತೋಳು ಹಿಡಿದು ಒಳಗೆಳೆದುಕೊಂಡಿತು; ಚಕ್ರ ನಿಲ್ಲಿಸುವ ಹೊತ್ತಿಗೆ ಮನೆಗೆ ಒಯ್ಯಲು ಇಡೀ ದೇಹ ಉಳಿದಿರಲಿಲ್ಲ. ಬಂದ ಪರಿಹಾರದಲ್ಲಿ ಮೊಳೆಯಣ್ಣ ತನ್ನ ಮತ್ತು ತಮ್ಮನ ಹೆಸರಿನಲ್ಲಿ ಒಂದು ಸೈಕಲ್ ಕಂಪನಿಯ ಷೇರು ಕೊಂಡ. ಅಮ್ಮನ ಮುಪ್ಪಿಗೆ ಇದ್ದದ್ದು ಅದೊಂದೇ ಆಸರೆ. ಮಾರಬೇಕಾದರೆ ಇಬ್ಬರ ಸಹಿಯೂ ಬೇಕು.

ತಮ್ಮ ಗೋದಾಮಿನಲ್ಲಿ ಕಬ್ಬಿಣದ ಸರಳು ಹೊರುವವನು. ಸಿಟ್ಟು ಮೂಗಿನ ತುದಿಯಲ್ಲಿ, ಬುದ್ಧಿ ಮುಷ್ಟಿಯಲ್ಲಿ.

ಒಂದು ಮಂಗಳವಾರ ಮರದ ಮೊಳೆ ಇಳಿಯಿತು: ‘ಷೇರುಪೇಟೆ ಸರ್ವನಾಶ’. ಪತ್ರಿಕೆ ಬೀದಿಗೆ ಬಂದು ಒಂದು ಗಂಟೆ ಕಳೆದಿರಲಿಲ್ಲ, ತಮ್ಮ ಅಚ್ಚುಕೂಟದ ಬಾಗಿಲು ಒದ್ದು ಒಳನುಗ್ಗಿದ. ಕೈಯಲ್ಲಿ ಷೇರು ಮಾರುವ ಅರ್ಜಿ. ತನ್ನ ಸಹಿ ಆಗಲೇ ಗೀಚಿದ್ದ.

“ಹಾಕು ಸಹಿ.”

“ಕೂತ್ಕೊಳೋ, ಟೀ ತರಿಸ್ತೀನಿ.”

“ಟೀ ಕುಡಿಯೋ ಹೊತ್ತಾ ಇದು? ಸರ್ವನಾಶ ಅಂತ ಇಷ್ಟು ದಪ್ಪಕ್ಕೆ ಬಂದಿದೆ, ಕಣ್ಣು ಕಾಣಲ್ವಾ ನಿಂಗೆ?”

“ಜೋಡಿಸಿದೋನೇ ನಾನು ಕಣೋ!”

ಮೊಳೆಯಣ್ಣ ಗೋಡೆಯ ಕೊಕ್ಕೆಯಿಂದ ಹಳೆಯ ತಲೆಬರಹಗಳ ಕಟ್ಟು ಇಳಿಸಿದ. “ನೋಡು, ನಿಂಗಿನ್ನೂ ಮೀಸೆ ಬಂದಿರ್ಲಿಲ್ಲ: ‘ಪೇಟೆ ಸತ್ತಿತು’. ಆರು ವರ್ಷ ಬಿಟ್ಟು: ‘ಪೇಟೆ ಮತ್ತೆ ಸತ್ತಿತು’. ಸತ್ತದ್ದು ಮತ್ತೆ ಸಾಯ್ಬೇಕು ಅಂದ್ರೆ ನಡುವೆ ಬದುಕಿರ್ಬೇಕಲ್ವೇನೋ?”

ಮೊದಲ ಗುದ್ದು ತುಟಿ ಸೀಳಿತು. ಮೊಳೆಯಣ್ಣ ರಕ್ತ ಉಗುಳಿ ಇನ್ನೊಂದು ಹಾಳೆ ತಿರುವಿದ.

“‘ಇನ್ನು ಉಳಿಗಾಲವಿಲ್ಲ’. ಇದು ನಿನ್ನ ಮದುವೆ ವರ್ಷದ್ದು. ನಿನ್ನ ಮಟ್ಟಿಗೆ ಮಾತ್ರ ನಿಜ ಆಯ್ತು.”

ಎರಡನೆಯ ಗುದ್ದಿಗೆ ಮುಂದಿನ ಹಲ್ಲು ಹೋಯಿತು. ಬಿಡಿಸಲು ಬಂದ ಯಂತ್ರದವನನ್ನು ತಮ್ಮ ಎತ್ತಿ ಒಗೆದ. ಅವನ ಹಣೆ ಯಂತ್ರದ ಅಂಚಿಗೆ ಬಡಿದು ಒಡೆಯಿತು. ಅಕ್ಷರದ ಪೆಟ್ಟಿಗೆಗಳು ಉರುಳಿ ಸೀಸ ಆಲಿಕಲ್ಲಿನಂತೆ ಸುರಿಯಿತು. ಮೊಳೆಯಣ್ಣನೇನು ಸಾಧು ಮನುಷ್ಯನೇ? ಮರದ ಸುತ್ತಿಗೆ ತೆಗೆದು ತಮ್ಮನ ಮೊಣಕಾಲಿಗೆ ಬಿಗಿದ. ತಮ್ಮ ಅರಚಿ, ಪುಟ ಬಿಗಿಯುವ ಕಬ್ಬಿಣದ ಚೌಕಟ್ಟನ್ನು ಎರಡೂ ಕೈಯಲ್ಲಿ ಎತ್ತಿ, ಮೇಜಿನ ಅಂಚು ಹಿಡಿದಿದ್ದ ಅಣ್ಣನ ಬಲಗೈ ಮೇಲೆ ಅಪ್ಪಳಿಸಿದ. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು.

“ಈಗ ಹಾಕು ಸಹಿ!”

ಮೊಳೆಯಣ್ಣ ಜೋತುಬಿದ್ದ ಬೆರಳುಗಳನ್ನು ನೋಡಿದ, ತಮ್ಮನನ್ನು ನೋಡಿದ. “ಯಾವ ಕೈಲಿ ಹಾಕ್ಲೋ, ಮುಠ್ಠಾಳ?”

ಮೊದಲು ನಕ್ಕವನು ಹಣೆ ಒಡೆದುಕೊಂಡ ಯಂತ್ರದವನು. ತಮ್ಮ ಅಲ್ಲೇ ನೆಲಕ್ಕೆ ಕುಸಿದು ಗೊಳೋ ಎಂದು ಅತ್ತ.

ಸುದ್ದಿ ಕೇಳಿದ ಅಮ್ಮ ಪೊರಕೆ ಮುರಿಯುವ ತನಕ ಅವನ ಬೆನ್ನಿಗೆ ಬಾರಿಸಿದಳು. ಮೂರು ತಿಂಗಳು ಅಣ್ಣನಿಗೆ ಅನ್ನ ಕಲಸಿ ತಿನ್ನಿಸಿದವನು ತಮ್ಮನೇ. ಅಷ್ಟರಲ್ಲಿ ಪೇಟೆ ಎದ್ದು ಕೂತಿತ್ತು. ಆ ಸುದ್ದಿ ಏಳನೆಯ ಪುಟದ ಮೂಲೆಯಲ್ಲಿ, ಇರುವೆಯಂಥ ಅಕ್ಷರದಲ್ಲಿ ಬಂತು.

ಮೊಳೆಯಣ್ಣನ ಬೆರಳು ಮಾತ್ರ ನೆಟ್ಟಗಾಗಲಿಲ್ಲ. ಕೆಲಸ ಹೋಯಿತು. ಷೇರಿನ ಬೆಲೆ ಇಮ್ಮಡಿಯಾದಾಗ ತಮ್ಮ ಹಲ್ಲು ಗಿಂಜಿದ: “ಅಣ್ಣಾ, ಈಗಂತೂ ಮಾರೋಣ.” ಮೊಳೆಯಣ್ಣ ಸೊಟ್ಟ ಬೆರಳಲ್ಲಿ ಸಹಿ ಹಾಕಿಕೊಟ್ಟ. ಸಹಿ ತಾಳೆಯಾಗುತ್ತಿಲ್ಲ, ಖುದ್ದಾಗಿ ಬಂದು ಹೊಸ ಸಹಿ ಕೊಡಿ ಎಂದು ಕಂಪನಿ ಅರ್ಜಿಯನ್ನು ವಾಪಸು ಕಳಿಸಿತು.

“ಹೋಗೋಣ ನಡಿ ಅಣ್ಣಾ.”

“ಹೋಗೋಣಂತೆ. ಅವಸರ ಏನು?”

ಆ ಮಾತಿಗೆ ಹನ್ನೊಂದು ವರ್ಷವಾಯಿತು. ಷೇರಿನ ಲಾಭಾಂಶದಲ್ಲೇ ಅಮ್ಮನ ಔಷಧಿ, ಮೊಳೆಯಣ್ಣನ ಊಟ ಎರಡೂ ನಡೆಯುತ್ತಿವೆ. ಪೇಟೆ ಬಿದ್ದ ದಿನ ಗೋದಾಮಿನಲ್ಲಿ ಯಾರಾದರೂ ಷೇರು ಮಾರುವ ಮಾತೆತ್ತಿದರೆ ಸಾಕು, ತಮ್ಮ ಅವರ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತುತ್ತಾನೆ:

“ಮಾರ್ತೀಯಾ? ಕೈ ಮುರೀತೀನಿ ನೋಡು!”