ಅವ್ವನ ತೋಳಿಗೆ ಹಚ್ಚಿದ ಪಟ್ಟಿ

ಕಲಬುರಗಿಯ ಕಾಲೇಜಿನ ಪ್ರಯೋಗಾಲಯದಲ್ಲಿ ನಾನೂ ನನ್ನ ಗೆಳತಿಯೂ ತ್ರೀಡಿ ಪ್ರಿಂಟರಿನಿಂದ ಸೂಜಿ ಮಾಡುತ್ತಿದ್ದೆವು. ಉಗುರಿನಗಲದ ಪಟ್ಟಿಯ ಮೇಲೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಮೊನೆಗಳು. ಅವು ಚರ್ಮದ ಮೇಲ್ಪದರ ದಾಟಿದರೆ ಸಾಕು, ಔಷಧಿ ನೋವಿಲ್ಲದೆ ಒಳಗಿಳಿಯಬೇಕು. ಕಮಲಾಪುರದಲ್ಲಿದ್ದ ನನ್ನ ಅವ್ವ ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುವವಳು. ಗೆಳತಿ ಕಲಬುರಗಿಯದೇ ಶಹಾಬಜಾರದವಳು. ಎಷ್ಟೋ ಭಾನುವಾರ ನನ್ನ ಜೊತೆ ಊರಿಗೆ ಬಂದು, ನನ್ನ ಅವ್ವನನ್ನು ತಾನೂ ಅವ್ವ ಎಂದೇ ಕರೆಯುತ್ತಿದ್ದಳು.

ನಮ್ಮ ತೊಡಕು ಇದ್ದದ್ದು ಸಾಮಗ್ರಿಯಲ್ಲಿ. ಬೆಳಕಿಗೆ ಗಟ್ಟಿಯಾಗುವ ರೆಸಿನ್ ಎಂಬ ಅಂಟುದ್ರವದಿಂದ ಪ್ರಿಂಟರ್ ಪದರ ಪದರವಾಗಿ ಸೂಜಿ ಕಟ್ಟುತ್ತದೆ. ಚರ್ಮಕ್ಕೆ ಒಗ್ಗುವ ರೆಸಿನ್ನಿನ ಮೊನೆ ಒತ್ತಿದರೆ ಬಾಗುತ್ತಿತ್ತು. ಗೊಂಬೆ, ಮಾದರಿ ಮಾಡಲು ಬಳಸುವ ರೆಸಿನ್ನಿನದು ಚೂಪಾಗಿ ನಿಲ್ಲುತ್ತಿತ್ತು. ಆದರೆ ಅದರಲ್ಲಿ ಗಟ್ಟಿಯಾಗದೆ ಉಳಿದ ಅಂಶ ಚರ್ಮವನ್ನು ಕೆಡಿಸುತ್ತದೆ. ಅದನ್ನು ಯಾರ ಮೈಗೂ ಮುಟ್ಟಿಸಬಾರದೆಂದು ಇಬ್ಬರೂ ಮಾತಾಡಿಕೊಂಡಿದ್ದೆವು.

ಪರೀಕ್ಷೆಯ ಕೆಲಸ ಬಂದು ಒಂದು ವಾರ ನಾನು ಊರಿಗೆ ಹೋಗಲಿಲ್ಲ. ಮುಂದಿನ ವಾರ ಹೋದಾಗ ಅವ್ವನ ತೋಳಿನಲ್ಲಿ ಚೌಕಾಕಾರದ ಕೆಂಪು ಗಾಯವಿತ್ತು. ಅಂಚಿಗೆಲ್ಲ ಗುಳ್ಳೆ.

“ನಿನ್ನ ಗೆಳತಿ ಬಂದು ಪಟ್ಟಿ ಹಚ್ಚಿ ಹೋದ್ಳು. ನೀನೇ ಕಳಸೀದಿ ಅಂದ್ಳು. ಫೋಟೋನೂ ತಕ್ಕೊಂಡ್ಳು,” ಅಂದಳು ಅವ್ವ. “ಉರೀತದ ಅಂತ ಹೇಳಿದ್ರ ನಿನಗ ಬ್ಯಾಸರ ಆಗ್ತದ ಅಂತ ಸುಮ್ಮನಿದ್ದೆ.”

ಅವತ್ತೇ ಅವ್ವನನ್ನು ಕಲಬುರಗಿಗೆ ಕರೆತಂದು ಡಾಕ್ಟರಿಗೆ ತೋರಿಸಿದೆ. ಸಕ್ಕರೆ ಕಾಯಿಲೆಯ ಮೈ, ಮಾಯಲು ದಿನ ಹಿಡಿಯುತ್ತದೆ ಎಂದರು. ಮರುದಿನ ಪ್ರಯೋಗಾಲಯಕ್ಕೆ ಹೋದೆ. ಗೆಳತಿಯ ಕಂಪ್ಯೂಟರಿನಲ್ಲಿ ತೆರೆದಿದ್ದ ನಮ್ಮ ಪ್ರಬಂಧದ ಕರಡಿನಲ್ಲಿ ಅವ್ವನ ತೋಳಿನ ಚಿತ್ರ. ಗಾಯ ಏಳುವ ಮೊದಲು ತೆಗೆದದ್ದು. ಕೆಳಗೆ ‘ಚರ್ಮಕ್ಕೆ ಒಗ್ಗುವ ರೆಸಿನ್’ ಎಂದು ಬರೆದಿದ್ದಳು.

“ಖರೇ ಹೇಳು, ಯಾವ ರೆಸಿನ್ ಇದು?”

“ಚೂಪಾಗಿ ನಿಲ್ಲೋದು. ಔಷಧಿ ಏನೂ ಹಾಕಿರಲಿಲ್ಲ. ಪ್ರಬಂಧಕ್ಕ ಒಂದು ಫೋಟೋ ಬೇಕಾಗಿತ್ತು. ನಿನ್ನ ಕೇಳಿದ್ರ ಬ್ಯಾಡಂತಿದ್ದಿ.”

“ಮತ್ತ ನಾನೇ ಕಳಸೀನಿ ಅಂತ ಯಾಕ ಹೇಳಿದಿ?”

“ಹಂಗ ಹೇಳದಿದ್ರ ಅವ್ವ ಕೈ ಕೊಡ್ತಿದ್ಳೇನು?”

ಬೇರೆ ಏನು ಹೇಳಿದ್ದರೂ ಬಹುಶಃ ಜಗಳವಾಡುತ್ತಿದ್ದೆ. ಆ ಮಾತು ಕೇಳಿದ್ದೇ ನೇರ ನಮ್ಮ ಮಾರ್ಗದರ್ಶಕ ಪ್ರಾಧ್ಯಾಪಕರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಪ್ರಬಂಧ ನಿಲ್ಲಿಸಿದರು, ಅವಳನ್ನು ಈ ಕೆಲಸದಿಂದ ತೆಗೆದರು. ಅವಳು ನನ್ನೊಂದಿಗೆ ಮಾತು ಬಿಟ್ಟಳು, ಮೋಸ ಮಾಡಿದವಳು ನಾನೇ ಎಂಬಂತೆ.

ಗಾಯ ಮಾದು ಕಪ್ಪು ಕಲೆ ಉಳಿಯಿತು. ನಡೆದದ್ದನ್ನು ಅವ್ವನಿಗೆ ವಿವರಿಸಿದಾಗ ಕಲೆಯ ಮೇಲೆ ಸೆರಗು ಎಳೆದುಕೊಂಡಳು.

“ಇನ್ನ ನೀ ಏನರ ಕಳಸೋದಿದ್ರ, ಮೊದಲ ನೀನೇ ಫೋನ್ ಮಾಡವ್ವಾ,” ಅಂದಳು.